ಕಿಟಕಿಯ ಸರಳು ಬಾಗಿದ್ದು ಯಾವಾಗ?

(ನಮ್ಮ ಊರಿನ ಗ್ರಂಥಾಲಯದ ಸಭಾಂಗಣದಲ್ಲಿ ಹಿರಿಯ ನಾಗರಿಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಸಮಯ ಸಾಲದೆ ಅಂದು ಬಿಟ್ಟುಹೋದ ಒಂದೆರಡು ವಿಷಯಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2011ರ ಬೇಸಿಗೆಯ ಒಂದು ಮಧ್ಯಾಹ್ನ ನನ್ನ ತಾಯಿ ನಡುಮನೆಯಲ್ಲಿ ಕುಳಿತಿದ್ದವರು, "ಈ ಕಿಟಕಿಯ ಸರಳನ್ನು ಯಾರು ಬಗ್ಗಿಸಿದ್ದು?" ಎಂದು ಕೇಳಿದರು. ಸರಳು ನೆಟ್ಟಗೇ ಇತ್ತು. ಮಕ್ಕಳು ಜೋತುಬಿದ್ದು ಆಡಿರಬೇಕು ಎಂದು ಅವರೇ ಸಮಾಧಾನ ಮಾಡಿಕೊಂಡರು, ನಾನೂ ಆ ಮಾತನ್ನು ಅಲ್ಲಿಗೇ ಬಿಟ್ಟೆ. ಆಗ ಅವರಿಗೆ ಎಪ್ಪತ್ತೊಂದು. ಆಮೇಲಿನ ತಿಂಗಳುಗಳಲ್ಲಿ ಅಕ್ಕಿ ಆರಿಸುವಾಗ ಮೊರವನ್ನು ಒಂದು ಕಡೆಗೆ ಸರಿಸಿಕೊಂಡು, ಕತ್ತನ್ನು ಓರೆ ಮಾಡಿ ನೋಡತೊಡಗಿದರು. ನೇರವಾಗಿ ದಿಟ್ಟಿಸಿದರೆ ಕಲ್ಲು ಕಾಣುತ್ತಿರಲಿಲ್ಲ, ನೋಟ ಪಕ್ಕಕ್ಕೆ ಸರಿದಾಗ ಅದೇ ಕಲ್ಲು ಅಂಚಿನಲ್ಲಿ ಕಾಣುತ್ತಿತ್ತು. ಕನ್ನಡಕದ ಅಂಗಡಿಯಲ್ಲಿ ಎರಡು ಸಲ ಗಾಜು ಬದಲಾಯಿಸಿದೆವು. ಪೊರೆ ಬಂದಿರಬಹುದು ಎಂದರು ಕೆಲವರು. "ವಯಸ್ಸಾಯಿತಲ್ಲ, ಇನ್ನೇನು" ಎಂದರು ಉಳಿದವರೆಲ್ಲ. ಎಂಟು ತಿಂಗಳು ಕಳೆದ ಮೇಲೆ ಅಕ್ಷಿಪಟಲದ ತಜ್ಞರ ಎದುರು ಕುಳಿತಾಗ ಬಲಗಣ್ಣಿನ ನಟ್ಟನಡುವೆ ಗಾಯ ಮಾಗಿ ಕಲೆ ಕಟ್ಟಿತ್ತು. ವಯಸ್ಸಿನೊಂದಿಗೆ ಬರುವ ಮ್ಯಾಕ್ಯುಲಾ ಕ್ಷಯ, ಇಂಗ್ಲಿಷಿನಲ್ಲಿ ಎಎಮ್‌ಡಿ, ಎಂದರು ಅವರು.

ನಾನು ಕಣ್ಣಿನ ವೈದ್ಯೆಯಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಕಲಿಸಿದವಳು. ಅಂದು ಮನೆಗೆ ಬಂದ ಮೇಲೆ, "ವಯಸ್ಸಾಯಿತು" ಎಂಬ ಉತ್ತರ ನನ್ನನ್ನು ಬಹಳ ಕಾಡಿತು. ಎಂಬತ್ತೈದರಲ್ಲಿ ಪತ್ರಿಕೆಯ ಸಣ್ಣ ಅಕ್ಷರ ಓದುವವರೂ ನಮ್ಮ ಬೀದಿಯಲ್ಲೇ ಇದ್ದರು. ವಯಸ್ಸು ಎಲ್ಲರಿಗೂ ಆಗುತ್ತದೆ, ಈ ರೋಗ ಎಲ್ಲರಿಗೂ ಬರುವುದಿಲ್ಲ. ಹಾಗಾದರೆ ವರ್ಷಗಳು ಕಳೆಯುತ್ತಿರುವಾಗ ಕೆಲವರ ಕಣ್ಣಿನೊಳಗೆ ಮಾತ್ರ ನಡೆಯುವುದೇನು? ಈ ಪ್ರಶ್ನೆಗೆ ಸಂಶೋಧಕರು ಹುಡುಕಿರುವ ಉತ್ತರವನ್ನು ಹದಿಮೂರು ವರ್ಷ ಹಿಂಬಾಲಿಸಿದ್ದೇನೆ. ಅದನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಜಾಗ ಯಾವುದೆಂದು ತಿಳಿಯೋಣ. ಕಣ್ಣಿನ ಒಳಗೋಡೆಗೆ ಅಂಟಿಕೊಂಡಿರುವ ತೆಳುವಾದ ಪದರವೇ ಅಕ್ಷಿಪಟಲ, ಅಂದರೆ ರೆಟಿನಾ. ಅದರ ನಡುವೆ ಐದೂವರೆ ಮಿಲಿಮೀಟರ್ ಅಗಲದ ಒಂದು ವೃತ್ತವಿದೆ, ಅದು ಮ್ಯಾಕ್ಯುಲಾ. ನಮ್ಮ ಓದು, ಹೊಲಿಗೆ, ಎದುರಿಗಿರುವವರ ಮುಖದ ಗುರುತು ಎಲ್ಲವೂ ಆ ವೃತ್ತದ ಮೇಲೆ, ಅದರಲ್ಲೂ ಅದರ ನಟ್ಟನಡುವಿನ ಒಂದು ಪುಟ್ಟ ಕುಳಿಯ ಮೇಲೆ ನಿಂತಿವೆ. ಒಂದು ಕಣ್ಣಿನಲ್ಲಿ ಸುಮಾರು 9.2 ಕೋಟಿ ದಂಡಕೋಶಗಳೂ 46 ಲಕ್ಷ ಶಂಕುಕೋಶಗಳೂ ಇವೆ. ದಂಡಕೋಶಗಳು ಮಂದ ಬೆಳಕಿಗೆ, ಶಂಕುಕೋಶಗಳು ಬಣ್ಣಕ್ಕೆ ಮತ್ತು ಸೂಕ್ಷ್ಮ ವಿವರಕ್ಕೆ. ಆ ಕುಳಿಯಲ್ಲಿ ಶಂಕುಕೋಶಗಳು ಎಷ್ಟು ಒತ್ತಾಗಿವೆ ಎಂದರೆ ಒಂದು ಚದರ ಮಿಲಿಮೀಟರಿನಲ್ಲಿ ಸರಾಸರಿ ಎರಡು ಲಕ್ಷದಷ್ಟಿರುತ್ತವೆ. ಈ ರೋಗ ಹಾಳುಮಾಡುವುದು ಈ ನಡುಭಾಗವನ್ನು. ಅಂಚಿನ ನೋಟ ಉಳಿಯುತ್ತದೆ. ಹಾಗಾಗಿ ನನ್ನ ತಾಯಿ ಕೊನೆಯವರೆಗೂ ಮನೆಯೊಳಗೆ ಯಾರ ಕೈಯನ್ನೂ ಹಿಡಿಯದೆ ಓಡಾಡಿದರು, ಆದರೆ ಮೊಮ್ಮಗಳ ಮುಖವನ್ನು ದನಿಯಿಂದ ಗುರುತಿಸುತ್ತಿದ್ದರು. ಲೋಕದಲ್ಲಿ 2020ರ ಹೊತ್ತಿಗೆ ಸುಮಾರು 19.6 ಕೋಟಿ ಜನರಲ್ಲಿ ಇದು ಒಂದಲ್ಲ ಒಂದು ಹಂತದಲ್ಲಿರುತ್ತದೆ, 2040ಕ್ಕೆ ಆ ಸಂಖ್ಯೆ 28.8 ಕೋಟಿ ಮುಟ್ಟುತ್ತದೆ ಎಂದು 2014ರಲ್ಲಿ ಪ್ರಕಟವಾದ ಅಂದಾಜು ಹೇಳಿತ್ತು.

ರೋಗ ಹುಟ್ಟುವುದು ನೋಡುವ ಕೋಶಗಳಲ್ಲಲ್ಲ, ಅವುಗಳ ಹಿಂದೆ. ನಾನು ತರಗತಿಯಲ್ಲಿ ಇದನ್ನು ಹೇಳುವಾಗಲೆಲ್ಲ ವಿದ್ಯಾರ್ಥಿಗಳು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತುತ್ತಿದ್ದರು. ದಂಡ ಮತ್ತು ಶಂಕುಕೋಶಗಳ ಬೆನ್ನಿಗೆ ಒಂದೇ ಸಾಲಿನ ಕಪ್ಪು ಕೋಶಗಳ ಹಾಸು ಇದೆ. ಅದನ್ನು ವರ್ಣಪದರ ಎನ್ನೋಣ. ಅದರ ಕೆಳಗೆ ಬ್ರುಕ್ ಪೊರೆ ಎಂಬ ತೆಳ್ಳನೆಯ ಜರಡಿ. ಜರಡಿಯ ಆಚೆ ರಕ್ತನಾಳಗಳ ದಟ್ಟ ಹೆಣಿಗೆ. ನೋಡುವ ಕೋಶಗಳಿಗೆ ಬೇಕಾದ ಆಹಾರವೆಲ್ಲ ರಕ್ತದಿಂದ ಜರಡಿಯ ಮೂಲಕ ಮೇಲೆ ಬರಬೇಕು, ಕಸವೆಲ್ಲ ಅದೇ ಜರಡಿಯ ಮೂಲಕ ಕೆಳಗೆ ಹೋಗಬೇಕು. ಬೇರೆ ದಾರಿಯಿಲ್ಲ.

ಕಸ ಎಷ್ಟು? 1960ರ ದಶಕದ ಕೊನೆಯಲ್ಲಿ ರಿಚರ್ಡ್ ಯಂಗ್ ಮತ್ತು ಡೀನ್ ಬಾಕ್ ಎಂಬ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟ ಸಂಗತಿ ಇದು. ಬೆಳಕನ್ನು ಹಿಡಿಯುವ ಕೋಶಗಳ ತುದಿಯಲ್ಲಿ ಬಿಲ್ಲೆಗಳು ಒಂದರ ಮೇಲೊಂದು ನಾಣ್ಯದ ಕಂತೆಯಂತೆ ಪೇರಿಸಿಕೊಂಡಿರುತ್ತವೆ. ಬುಡದಲ್ಲಿ ಹೊಸ ಬಿಲ್ಲೆಗಳು ಹುಟ್ಟುತ್ತಿರುತ್ತವೆ, ತುದಿಯ ಹಳೆಯ ಬಿಲ್ಲೆಗಳು ಉದುರುತ್ತಿರುತ್ತವೆ. ದಿನವೊಂದಕ್ಕೆ ಸುಮಾರು ಹತ್ತನೇ ಒಂದು ಭಾಗ ಉದುರುತ್ತದೆ. ಉದುರಿದ್ದನ್ನು ನುಂಗಿ ಜೀರ್ಣಿಸಿಕೊಳ್ಳುವ ಕೆಲಸ ವರ್ಣಪದರದ್ದು. ಆ ಕೋಶಗಳು ಸಾಮಾನ್ಯವಾಗಿ ಮತ್ತೆ ವಿಭಜನೆಯಾಗುವುದಿಲ್ಲ. ಹುಟ್ಟಿದಾಗ ಇದ್ದ ಕೋಶವೇ ಎಪ್ಪತ್ತು, ಎಂಬತ್ತು ವರ್ಷ ದಿನವೂ ಈ ಊಳಿಗ ಮಾಡಬೇಕು. ಪೂರ್ತಿ ಜೀರ್ಣವಾಗದ ಉಳಿಕೆ ಒಳಗೇ ಕೂಡುತ್ತದೆ. ಸೌದೆ ಒಲೆಯ ಅಡುಗೆಮನೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿದಿನ ಗುಡಿಸಿದರೂ ಜಂತಿಗೆ ಮಸಿ ಹಿಡಿಯುತ್ತದೆ.

ಮಸಿ ಜರಡಿಗೂ ಹಿಡಿಯುತ್ತದೆ. ಅಲಬಾಮಾ ವಿಶ್ವವಿದ್ಯಾಲಯದ ಕ್ರಿಸ್ಟೀನ್ ಕರ್ಶಿಯೋ ದಾನವಾಗಿ ಬಂದ ಕಣ್ಣುಗಳನ್ನು ದಶಕಗಳ ಕಾಲ ಸೀಳಿ, ಎಣಿಸಿ, ಅಳೆದವರು. ವಯಸ್ಸಿನೊಂದಿಗೆ ಬ್ರುಕ್ ಪೊರೆಯಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ ಎಂಬುದನ್ನು ಅವರೂ ಅವರ ಸಂಗಡಿಗರೂ ವಿವರವಾಗಿ ತೋರಿಸಿದರು. ಆ ಕೊಬ್ಬು ನಾವು ತಿಂದ ತುಪ್ಪ ರಕ್ತದಿಂದ ಸೋರಿ ಬಂದದ್ದು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ವರ್ಣಪದರ ತಾನೇ ಕೊಬ್ಬಿನ ಕಣಗಳನ್ನು ಕಟ್ಟಿ ಕೆಳಗೆ ಕಳಿಸುತ್ತದೆ ಎಂದು ಗೊತ್ತಾಯಿತು. ಎಳೆಯ ವಯಸ್ಸಿನಲ್ಲಿ ಅವು ಜರಡಿ ದಾಟಿ ರಕ್ತ ಸೇರುತ್ತವೆ. ಮುಂದೆ ಜರಡಿ ದಪ್ಪವಾದಂತೆ ಅಲ್ಲೇ ಸಿಕ್ಕಿಕೊಳ್ಳುತ್ತವೆ. ವರ್ಣಪದರಕ್ಕೂ ಜರಡಿಗೂ ನಡುವೆ ಹೀಗೆ ಕೂಡಿದ ಹಳದಿ ಗುಡ್ಡೆಗಳಿಗೆ ಡ್ರೂಸೆನ್ ಎಂದು ಹೆಸರು. ಕಣ್ಣಿನ ವೈದ್ಯರು ಒಳಗೆ ಬೆಳಕು ಬಿಟ್ಟು ನೋಡಿದಾಗ ಕಾಣುವ ಹಳದಿ ಚುಕ್ಕೆಗಳು ಇವೇ. ಸಣ್ಣ ಚುಕ್ಕೆ ಒಂದೆರಡು ಇದ್ದರೆ ಹೆದರಬೇಕಾಗಿಲ್ಲ, ವಯಸ್ಸಾದ ಹೆಚ್ಚಿನವರಲ್ಲಿ ಅವು ಇರುತ್ತವೆ. ದೊಡ್ಡವು ಕೂಡಿಕೊಂಡಾಗ ಮಾತು ಬೇರೆ.

ಡ್ರೂಸೆನ್ ಹೊಸದಾಗಿ ಕಂಡದ್ದೇನಲ್ಲ. ಡಚ್ ವೈದ್ಯ ಫ್ರಾನ್ಸಿಸ್ಕಸ್ ಡೊಂಡರ್ಸ್ 1855ರಲ್ಲೇ ಅವನ್ನು ವರ್ಣಿಸಿದ್ದರು. 1885ರಲ್ಲಿ ಸ್ವಿಟ್ಜರ್ಲೆಂಡಿನ ಒಟ್ಟೊ ಹಾಬ್ ಈ ರೋಗಕ್ಕೆ ಮುದಿತನದ ಮ್ಯಾಕ್ಯುಲಾ ಕ್ಷಯ ಎಂಬ ಅರ್ಥದ ಹೆಸರಿಟ್ಟರು. ಆ ಹೆಸರು ನೂರು ವರ್ಷ ಬಾಳಿತು. ನನ್ನ ಅಭಿಪ್ರಾಯ ಕೇಳಿದರೆ, ಆ ಹೆಸರಿನಿಂದ ನಷ್ಟವೇ ಆಯಿತು. ಹೆಸರಿನಲ್ಲೇ ಕಾರಣ ಹೇಳಿಬಿಟ್ಟರೆ ಮುಂದೆ ಹುಡುಕುವ ತುರ್ತು ಯಾರಿಗಿರುತ್ತದೆ? ಮುದಿತನ ಬಂದಿದೆ, ಕಣ್ಣು ಹೋಗಿದೆ, ಮನೆಗೆ ಹೋಗಿ ಎಂದು ಎಷ್ಟೋ ತಲೆಮಾರುಗಳ ಅಜ್ಜ ಅಜ್ಜಿಯರನ್ನು ಕಳಿಸಿಕೊಟ್ಟದ್ದು ಈ ಹೆಸರೇ.

ಹುಡುಕಾಟಕ್ಕೆ ತಿರುವು ಕೊಟ್ಟದ್ದು ಡ್ರೂಸೆನ್ ಒಳಗೆ ಏನಿದೆ ಎಂಬ ಸರಳ ಪ್ರಶ್ನೆ. 1990ರ ದಶಕದ ಕೊನೆಯಿಂದ ಗ್ರೆಗರಿ ಹೇಗ್‌ಮನ್, ಡಾನ್ ಆಂಡರ್ಸನ್, ಲಿಂಕನ್ ಜಾನ್ಸನ್ ಮತ್ತು ಅವರ ಜೊತೆಗಾರರು ದಾನದ ಕಣ್ಣುಗಳಿಂದ ಈ ಗುಡ್ಡೆಗಳನ್ನು ತೆಗೆದು ಪರೀಕ್ಷಿಸಿದರು. ಕೊಬ್ಬು, ಕೋಶದ ಚೂರು ಸಿಗುವುದು ನಿರೀಕ್ಷಿತವೇ. ಅವುಗಳ ಜೊತೆಗೆ ಕಾಂಪ್ಲಿಮೆಂಟ್ ಪ್ರೋಟೀನುಗಳು ಸಿಕ್ಕವು. ಇವು ನಮ್ಮ ರಕ್ತದಲ್ಲಿ ಸದಾ ಗಸ್ತು ತಿರುಗುವ ರಕ್ಷಣಾ ಪ್ರೋಟೀನುಗಳು. ರೋಗಾಣು ಸಿಕ್ಕಿತೆಂದರೆ ಒಂದರ ಹಿಂದೊಂದು ಎಚ್ಚೆತ್ತು ಮೇಲೆಬಿದ್ದು ತೂತು ಕೊರೆಯುತ್ತವೆ. ಸೋಂಕೇ ಇಲ್ಲದ ಕಣ್ಣಿನ ಹಿಂಬದಿಯಲ್ಲಿ, ಹಳೆಯ ಕಸದ ಗುಡ್ಡೆಯಲ್ಲಿ ಅವುಗಳಿಗೆ ಏನು ಕೆಲಸ?

ಉತ್ತರದ ಒಂದು ತುಂಡು 2005ರಲ್ಲಿ ಬಂತು. ಅಮೆರಿಕದಲ್ಲಿ ಜೋಸೆಫಿನ್ ಹೋ ಅವರ ತಂಡ ರೋಗವಿದ್ದ 96 ಜನ, ರೋಗವಿಲ್ಲದ 50 ಜನರ ವಂಶವಾಹಿಗಳಲ್ಲಿ 1,16,204 ಗುರುತುಗಳನ್ನು ಹೋಲಿಸಿ ನೋಡಿತು. ಇಷ್ಟು ಕಡಿಮೆ ಜನರಲ್ಲಿ ಏನಾದರೂ ಸಿಕ್ಕೀತೆಂಬ ನಂಬಿಕೆ ಆ ಕಾಲದಲ್ಲಿ ಹೆಚ್ಚಿನವರಿಗಿರಲಿಲ್ಲ. ಆದರೆ ಒಂದನೇ ವರ್ಣತಂತುವಿನಲ್ಲಿ ಒಂದು ತಾಣ ಸ್ಪಷ್ಟವಾಗಿ ಎದ್ದು ಕಂಡಿತು. ಅದೇ ಹೊತ್ತಿಗೆ ಬೇರೆ ಬೇರೆ ದಾರಿ ಹಿಡಿದಿದ್ದ ಇನ್ನೂ ಮೂರು ತಂಡಗಳು ಅದೇ ತಾಣಕ್ಕೆ ಬಂದು ತಲುಪಿದವು, ಅವುಗಳಲ್ಲಿ ಹೇಗ್‌ಮನ್ ಅವರದ್ದೂ ಒಂದು. ಆ ತಾಣದಲ್ಲಿರುವುದು ಕಾಂಪ್ಲಿಮೆಂಟ್ ಫ್ಯಾಕ್ಟರ್ ಎಚ್ ಎಂಬ ಪ್ರೋಟೀನಿನ ವಂಶವಾಹಿ. ಮನುಷ್ಯನ ಇಡೀ ವಂಶವಾಹಿ ನಕ್ಷೆಯನ್ನು ಜಾಲಾಡಿ ಒಂದು ಸಾಮಾನ್ಯ ರೋಗದ ಸುಳಿವು ಹಿಡಿದ ಮೊದಮೊದಲ ದೊಡ್ಡ ಗೆಲುವುಗಳಲ್ಲಿ ಇದೂ ಒಂದು.

ಫ್ಯಾಕ್ಟರ್ ಎಚ್ ಮಾಡುವುದು ತಡೆಯುವ ಕೆಲಸ. ಕಾಂಪ್ಲಿಮೆಂಟಿನ ಗಸ್ತು ಎಲ್ಲಿ ಹೋದರೂ ಇದು ಮುಂದೆ ನಿಂತು, ಇವರು ನಮ್ಮವರು, ಕೈ ಎತ್ತಬೇಡಿ ಎಂದು ತಡೆಯುತ್ತದೆ. ಸಾವಿರದ ಇನ್ನೂರಕ್ಕೂ ಹೆಚ್ಚು ಅಮೈನೊ ಆಮ್ಲಗಳ ಆ ಸರದಲ್ಲಿ 402ನೆಯ ಮಣಿ ಟೈರೋಸಿನ್ ಆಗಿರುತ್ತದೆ. ಕೆಲವರಲ್ಲಿ ಆ ಜಾಗದಲ್ಲಿ ಹಿಸ್ಟಿಡಿನ್ ಇರುತ್ತದೆ. ಒಂದೇ ಮಣಿಯ ವ್ಯತ್ಯಾಸ, ಅಷ್ಟೆ. ಆದರೆ ಹಾಗೆ ಬದಲಾದ ಫ್ಯಾಕ್ಟರ್ ಎಚ್ ಬ್ರುಕ್ ಪೊರೆಗೆ ಗಟ್ಟಿಯಾಗಿ ಅಂಟಿ ನಿಲ್ಲುವುದಿಲ್ಲ. ಕೊಬ್ಬು ಕೊಳೆತಾಗ ಹುಟ್ಟುವ ಮಲಾನ್‌ಡೈಆಲ್ಡಿಹೈಡ್ ಎಂಬ ವಸ್ತುವನ್ನೂ ಅದು ಸರಿಯಾಗಿ ಹಿಡಿದು ಸುಮ್ಮನಾಗಿಸುವುದಿಲ್ಲ ಎಂದು 2011ರಲ್ಲಿ ತೋರಿಸಿದರು. ಈಗ ಎರಡನ್ನೂ ಜೋಡಿಸಿ ನೋಡಿ. ದಿನವೂ ಉದುರುವ ಕಸ ಎಲ್ಲರಿಗೂ ಇದೆ. ಜರಡಿಗೆ ಹಿಡಿಯುವ ಕೊಬ್ಬು ಹೆಚ್ಚುಕಡಿಮೆ ಎಲ್ಲರಿಗೂ ಇದೆ. ತಡೆಯುವವನು ಗಟ್ಟಿಯಾಗಿ ನಿಂತಿರುವ ಕಡೆ ಆ ಕಸ ಕಸವಾಗಿಯೇ ಉಳಿಯುತ್ತದೆ. ಅವನು ಸಡಿಲವಾಗಿರುವ ಕಡೆ ಗಸ್ತಿನವರು ಕಸವನ್ನೇ ಶತ್ರುವೆಂದು ಬಗೆದು ದಾಳಿ ಮಾಡುತ್ತಾರೆ. ಉರಿಯೂತ ಶುರುವಾಗುತ್ತದೆ, ಹತ್ತಿರದ ಕೋಶಗಳು ಸಾಯುತ್ತವೆ, ಸತ್ತ ಕೋಶಗಳು ಹೊಸ ಕಸವಾಗುತ್ತವೆ. ಹೀಗೆ ಇಪ್ಪತ್ತು, ಮೂವತ್ತು ವರ್ಷ. ನಮ್ಮ ಬೀದಿಯ ಎಂಬತ್ತೈದರ ಅಜ್ಜನಿಗೂ ನನ್ನ ತಾಯಿಗೂ ನಡುವಿನ ವ್ಯತ್ಯಾಸ ಎಲ್ಲಿರಬಹುದೆಂದು ನನಗೆ ಮೊದಲ ಸಲ ಅರ್ಥವಾದದ್ದು ಇದನ್ನು ಓದಿದಾಗ.

ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯ ಸಂಶೋಧಕರು 2006ರಲ್ಲಿ ನಮ್ಮ ದೇಶದ ರೋಗಿಗಳಲ್ಲಿ ಇದೇ 402ರ ಬದಲಾವಣೆಯನ್ನು ಪರೀಕ್ಷಿಸಿ, ಇಲ್ಲಿಯೂ ರೋಗದೊಂದಿಗೆ ಅದರ ನಂಟು ಇದೆ ಎಂದು ಕಂಡುಕೊಂಡರು. ಜಪಾನ್, ಚೀನಾಗಳಲ್ಲಿ ಈ ಬದಲಾವಣೆ ಬಹಳ ಅಪರೂಪ, ಆದರೂ ಅಲ್ಲಿ ರೋಗವಿದೆ. ಅಂದರೆ ಇದೊಂದೇ ದಾರಿಯಲ್ಲ. ಹತ್ತನೇ ವರ್ಣತಂತುವಿನ ಮೇಲೆ ಅಕ್ಕಪಕ್ಕದ ಎರಡು ವಂಶವಾಹಿಗಳಿರುವ ಇನ್ನೊಂದು ಬಲವಾದ ತಾಣ ಸಿಕ್ಕಿತು. ಆ ಎರಡರಲ್ಲಿ ಯಾವುದು ನಿಜವಾದ ಅಪರಾಧಿ ಎಂಬ ವಾದ ಇಂದಿಗೂ ಮುಗಿದಿಲ್ಲ. 2016ರಲ್ಲಿ ರೋಗ ಬಲಿತ 16,144 ಜನರನ್ನು ಒಳಗೊಂಡ ದೊಡ್ಡ ಅಧ್ಯಯನವೊಂದು 34 ತಾಣಗಳಲ್ಲಿ 52 ಬದಲಾವಣೆಗಳನ್ನು ಪಟ್ಟಿ ಮಾಡಿತು. ಕೊಬ್ಬಿನ ಸಾಗಣೆಯ ವಂಶವಾಹಿಗಳೂ ಅದರಲ್ಲಿವೆ, ಜರಡಿಯ ದುರಸ್ತಿಯವೂ ಇವೆ.

ವಂಶವಾಹಿಯ ಮಾತು ಬಂದಾಗ ಸಭೆಯಲ್ಲಿ ಯಾರಾದರೂ ನಿಟ್ಟುಸಿರು ಬಿಡುತ್ತಾರೆ. ಅವರಿಗೆ ಹೇಳುತ್ತೇನೆ: ನಾವು ಬದಲಾಯಿಸಬಹುದಾದ ಕಾರಣಗಳಲ್ಲಿ ಒಂದು, ಊರೂರಿನ ಅಧ್ಯಯನಗಳಲ್ಲೂ ತಪ್ಪದೆ ಕಾಣಿಸಿಕೊಂಡಿದೆ. ಅದು ಬೀಡಿ, ಸಿಗರೇಟು. ಸೇದುವವರಿಗೆ ಈ ರೋಗದ ಅಪಾಯ ಎರಡು ಪಟ್ಟಿಗೂ ಹೆಚ್ಚು. ಬಿಟ್ಟ ಮೇಲೆ ವರ್ಷ ಕಳೆದಂತೆ ಅದು ಇಳಿಯುತ್ತದೆ. ಮನೆಯಲ್ಲಿ ಅಪ್ಪನಿಗೋ ಅಮ್ಮನಿಗೋ ಈ ರೋಗವಿದ್ದು ಮಗ ಸೇದುವವನಾಗಿದ್ದರೆ, ದಯವಿಟ್ಟು ಇಂದೇ ಅವನೊಂದಿಗೆ ಕುಳಿತು ಮಾತನಾಡಿ.

ಇನ್ನು ರೋಗ ಮುಂದುವರಿಯುವ ಬಗೆ. ಕಾರಣ ಬೇರೆ, ಮುನ್ನಡೆ ಬೇರೆ ಎಂಬುದನ್ನು ನಾನು ಬಹಳ ತಡವಾಗಿ ಕಲಿತೆ. ಡ್ರೂಸೆನ್ ಕಂಡ ಎಲ್ಲರಿಗೂ ದೃಷ್ಟಿ ಹೋಗುವುದಿಲ್ಲ. ಯಾರಿಗೆ ಹೋಗುತ್ತದೆ ಎಂದು ತಿಳಿಯಲು ಅದೇ ಜನರನ್ನು ವರ್ಷಗಟ್ಟಲೆ ಬೆನ್ನುಹತ್ತಬೇಕು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಬೀವರ್ ಡ್ಯಾಮ್ ಎಂಬ ಸಣ್ಣ ಊರಿನಲ್ಲಿ ರೊನಾಲ್ಡ್ ಮತ್ತು ಬಾರ್ಬರಾ ಕ್ಲೈನ್ ದಂಪತಿ 1980ರ ದಶಕದ ಕೊನೆಯಲ್ಲಿ ಸುಮಾರು ಐದು ಸಾವಿರ ಜನರ ಕಣ್ಣಿನ ಚಿತ್ರ ತೆಗೆದು, ಐದು ವರ್ಷಕ್ಕೊಮ್ಮೆ ಮತ್ತೆ ಮತ್ತೆ ಕರೆಸಿ ನೋಡಿದರು. ಆಸ್ಟ್ರೇಲಿಯಾದ ಬ್ಲೂ ಮೌಂಟನ್ಸ್‌ನಲ್ಲಿ, ನೆದರ್ಲೆಂಡ್ಸಿನ ರಾಟರ್‌ಡ್ಯಾಮಿನಲ್ಲಿ ಕೂಡ ಹಾಗೆಯೇ ಮಾಡಿದರು. ಇಂತಹ ತಾಳ್ಮೆಯ ಕೆಲಸದಿಂದಲೇ ಹಂತಗಳ ಲೆಕ್ಕ ಸಿಕ್ಕಿದ್ದು.

ಆ ಲೆಕ್ಕ ಹೀಗಿದೆ. 2005ರಲ್ಲಿ ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆಯ ಅಧ್ಯಯನದಿಂದ ಬಂದದ್ದು. ಒಂದು ಕಣ್ಣಿನಲ್ಲಿ ದೊಡ್ಡ ಡ್ರೂಸೆನ್ ಇದ್ದರೆ ಒಂದು ಅಂಕ, ವರ್ಣಪದರದ ಬಣ್ಣ ಕೆಟ್ಟಿದ್ದರೆ ಇನ್ನೊಂದು. ಎರಡು ಕಣ್ಣು ಸೇರಿ ಒಟ್ಟು ನಾಲ್ಕು. ಸೊನ್ನೆ ಅಂಕದವರಲ್ಲಿ ಐದು ವರ್ಷದೊಳಗೆ ರೋಗ ಕೊನೆಯ ಹಂತ ಮುಟ್ಟುವ ಸಂಭವ ನೂರಕ್ಕೆ ಅರ್ಧ. ಒಂದು ಅಂಕಕ್ಕೆ ನೂರಕ್ಕೆ 3. ಎರಡಕ್ಕೆ 12, ಮೂರಕ್ಕೆ 25, ನಾಲ್ಕಕ್ಕೆ 50. ಒಂದು ಕಣ್ಣು ಈಗಾಗಲೇ ಹೋಗಿದ್ದರೆ ಆ ಕಣ್ಣಿನ ಎರಡೂ ಅಂಕಗಳನ್ನು ಕೂಡಿಸಿಕೊಳ್ಳಬೇಕು. ನನ್ನ ತಾಯಿಯ ಬಲಗಣ್ಣು ಹೋಗಿತ್ತು, ಎಡಗಣ್ಣಿನಲ್ಲಿ ದೊಡ್ಡ ಡ್ರೂಸೆನ್ ಇತ್ತು, ಬಣ್ಣವೂ ಕೆಟ್ಟಿತ್ತು. ನಾಲ್ಕಕ್ಕೆ ನಾಲ್ಕು. ಅಂದರೆ ಉಳಿದ ಕಣ್ಣು ಐದು ವರ್ಷದೊಳಗೆ ಹೋಗುವ ಸಂಭವ ಅರ್ಧಕ್ಕರ್ಧ. ಈ ಲೆಕ್ಕವನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು ರಾತ್ರಿ ಬಹಳ ಹೊತ್ತು ಕುಳಿತಿದ್ದೆ.

ಕೊನೆಯ ಹಂತಕ್ಕೆ ಎರಡು ರೂಪ. ಒಂದು ಒಣ ಬಗೆ. ವರ್ಣಪದರ ತೇಪೆ ತೇಪೆಯಾಗಿ ಸತ್ತು, ಅದರ ಮೇಲಿನ ನೋಡುವ ಕೋಶಗಳೂ ಸಾಯುತ್ತವೆ. ತೇಪೆ ವರ್ಷದಿಂದ ವರ್ಷಕ್ಕೆ ಹರಡುತ್ತದೆ. ಎಷ್ಟೋ ಸಲ ನಡುವಿನ ಕುಳಿಯನ್ನು ಸುತ್ತುವರಿದು ಕೊನೆಗೆ ಅದನ್ನು ನುಂಗುತ್ತದೆ. ಇನ್ನೊಂದು ಒದ್ದೆ ಬಗೆ. ಉಸಿರುಕಟ್ಟಿದ ಅಂಗಾಂಶ ಹೊಸ ರಕ್ತನಾಳ ಬೇಕೆಂದು ಸಂಕೇತ ಕಳಿಸುತ್ತದೆ, ನಾಳಗಳು ಜರಡಿಯನ್ನು ಸೀಳಿಕೊಂಡು ಮೇಲೆ ಬರುತ್ತವೆ. ಅವು ಸೋರುವ ನಾಳಗಳು. ನೀರು, ರಕ್ತ ತುಂಬಿ ಅಕ್ಷಿಪಟಲ ಉಬ್ಬುತ್ತದೆ. ಉಬ್ಬಿದ ಪರದೆಯ ಮೇಲೆ ಬಿದ್ದ ನೇರ ಗೆರೆ ಬಾಗಿ ಕಾಣುತ್ತದೆ. ನಮ್ಮ ಮನೆಯ ಕಿಟಕಿಯ ಸರಳು ಬಾಗಿದ್ದು ಹಾಗೆ.

ಇದಕ್ಕೂ ಬಹಳ ಮೊದಲೇ ಇನ್ನೊಂದು ಲಕ್ಷಣ ಇರುತ್ತದೆ. ಕರ್ಶಿಯೋ ಅವರ ಎಣಿಕೆಯಲ್ಲಿ ಮೊದಲು ಸಾಯುವುದು ಶಂಕುಕೋಶಗಳಲ್ಲ, ಅವುಗಳ ಸುತ್ತಲಿನ ದಂಡಕೋಶಗಳು ಎಂದು ಗೊತ್ತಾಯಿತು. ಅದೇ ವಿಶ್ವವಿದ್ಯಾಲಯದ ಸಿಂಥಿಯಾ ಔಸ್ಲಿ ಮತ್ತು ಜೊತೆಗಾರರು, ಅಕ್ಷರ ಓದುವ ಪರೀಕ್ಷೆಯಲ್ಲಿ ಚೆನ್ನಾಗಿಯೇ ಪಾಸಾಗುವವರಲ್ಲೂ ಕತ್ತಲೆಗೆ ಕಣ್ಣು ಹೊಂದಿಕೊಳ್ಳುವುದು ನಿಧಾನವಾಗಿರುತ್ತದೆ ಎಂದು ತೋರಿಸಿದರು. ನೆನಪು ಮಾಡಿಕೊಂಡರೆ, ಅಂಗಳದ ಬಿಸಿಲಿನಿಂದ ಒಳಗೆ ಬಂದ ನನ್ನ ತಾಯಿ ಹೊಸ್ತಿಲ ಬಳಿ ಬಾಗಿಲು ಹಿಡಿದು ಬಹಳ ಹೊತ್ತು ನಿಲ್ಲುತ್ತಿದ್ದರು. ಅದು ಸರಳು ಬಾಗುವುದಕ್ಕೆ ನಾಲ್ಕೈದು ವರ್ಷ ಮೊದಲಿನ ಮಾತು. ಮಂಡಿ ನೋವಿರಬೇಕು ಎಂದುಕೊಂಡಿದ್ದೆವು.

ಒದ್ದೆ ಬಗೆಯ ಕಥೆ ಈ ಕ್ಷೇತ್ರದ ದೊಡ್ಡ ಗೆಲುವು. ರಕ್ತನಾಳ ಬೆಳೆಸುವ ಆ ಸಂಕೇತದ ಹೆಸರು ವಿಇಜಿಎಫ್. ನೆಪೋಲಿಯೋನ್ ಫೆರಾರಾ ಅವರ ತಂಡ 1989ರಲ್ಲಿ ಅದರ ವಂಶವಾಹಿಯನ್ನು ಪ್ರತ್ಯೇಕಿಸಿತು. ಅದನ್ನು ತಡೆಯುವ ರಾನಿಬಿಜುಮಾಬ್ ಎಂಬ ಇಂಜೆಕ್ಷನ್‌ಗೆ 2006ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಅಲ್ಲಿಯವರೆಗೆ ವೈದ್ಯರು ದೃಷ್ಟಿ ಇಳಿಯುವ ವೇಗ ತಗ್ಗಿಸಿದರೆ ಸಾಕೆನ್ನುತ್ತಿದ್ದರು. ಈ ಇಂಜೆಕ್ಷನ್ ಪಡೆದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರ ದೃಷ್ಟಿ ನಿಂತಿತು, ಕಾಲುಭಾಗಕ್ಕೂ ಹೆಚ್ಚಿನವರಲ್ಲಿ ಸುಧಾರಿಸಿತು. ಕ್ಯಾನ್ಸರಿನ ಔಷಧಿಯಾಗಿದ್ದ ಬೆವಾಸಿಜುಮಾಬ್ ಕೂಡ ಇದೇ ಕೆಲಸ ಮಾಡುತ್ತದೆಂದು ಮಯಾಮಿಯ ಫಿಲಿಪ್ ರೋಸೆನ್‌ಫೆಲ್ಡ್ 2005ರಲ್ಲಿ ಕಣ್ಣಿಗೆ ಚುಚ್ಚಿ ತೋರಿಸಿದ್ದರು. ಅಮೆರಿಕದಲ್ಲಿ ಆಗ ಮೊದಲನೆಯದರ ಒಂದು ಡೋಸಿಗೆ ಸುಮಾರು 2,000 ಡಾಲರ್, ಎರಡನೆಯದಕ್ಕೆ ಸುಮಾರು 50 ಡಾಲರ್ ಇತ್ತು. ಸರ್ಕಾರದ ಹಣದಲ್ಲಿ ಎರಡನ್ನೂ ಎದುರುಬದುರು ಇಟ್ಟು ನಡೆಸಿದ ಪರೀಕ್ಷೆಯ ಫಲ 2011ರಲ್ಲಿ ಬಂತು: ದೃಷ್ಟಿಯ ಮಟ್ಟಿಗೆ ಎರಡೂ ಸಮ. ಅಂತಹ ಪರೀಕ್ಷೆ ನಡೆಸಲು ಯಾವ ಕಂಪನಿಗೂ ಆಸಕ್ತಿ ಇರುವುದಿಲ್ಲ, ಅದಕ್ಕೆ ಸಾರ್ವಜನಿಕ ಹಣವೇ ಬೇಕು. ನಮ್ಮಂತಹ ಮಧ್ಯಮ ವರ್ಗದ ಮನೆಗಳು ತಿಂಗಳು ತಿಂಗಳು ಇಂಜೆಕ್ಷನ್ ಹಾಕಿಸಲು ಸಾಧ್ಯವಾದದ್ದು ಆ ಅಗ್ಗದ ಔಷಧಿಯಿಂದ.

ನನ್ನ ತಾಯಿಯ ಎಡಗಣ್ಣು ಮೂರನೇ ವರ್ಷ ಒದ್ದೆಯಾಯಿತು. ಈ ಸಲ ಎಂಟು ತಿಂಗಳು ಹೋಗಲಿಲ್ಲ, ನಾಲ್ಕು ದಿನ ಮಾತ್ರ ಹೋಯಿತು. ಸ್ವಿಸ್ ವೈದ್ಯ ಮಾರ್ಕ್ ಆಮ್ಸ್‌ಲರ್ ಹೆಸರಿನ ಚೌಕುಳಿ ಹಾಳೆಯನ್ನು ದೇವರ ಮನೆಯ ಬಾಗಿಲಿಗೆ ಅಂಟಿಸಿದ್ದೆವು. ಹತ್ತು ಸೆಂಟಿಮೀಟರ್ ಅಗಲದ ಚೌಕ, ಒಳಗೆ ಅರ್ಧ ಸೆಂಟಿಮೀಟರಿನ ಮನೆಗಳು, ನಟ್ಟನಡುವೆ ಒಂದು ಚುಕ್ಕೆ. ಬೆಳಗಿನ ಕಾಫಿ ಕುಡಿದು, ಕನ್ನಡಕ ಹಾಕಿಕೊಂಡು, ಬಲಗಣ್ಣು ಮುಚ್ಚಿ ಚುಕ್ಕೆಯನ್ನು ನೋಡುವುದು ಅವರ ದಿನಚರಿ. ಒಂದು ದಿನ, "ಚುಕ್ಕಿ ಸಾಲು ತಪ್ಪಿದೆ ಕಣೇ" ಎಂದರು. ಅರವತ್ತು ವರ್ಷ ರಂಗೋಲಿ ಹಾಕಿದ ಕಣ್ಣು ಅದು, ಸಾಲು ತಪ್ಪಿದ್ದು ಥಟ್ಟನೆ ತಿಳಿಯಿತು. ಆ ವಾರವೇ ಮೊದಲ ಇಂಜೆಕ್ಷನ್ ಆಯಿತು. ಆ ಕಣ್ಣಿನಿಂದ ಅವರು ಇನ್ನೂ ಆರು ವರ್ಷ ಪತ್ರಿಕೆಯ ತಲೆಬರಹ ಓದಿದರು.

ಆರು ವರ್ಷ ಎಂದೆ, ಕೊನೆಯವರೆಗೆ ಎನ್ನಲಿಲ್ಲ. ಇಂಜೆಕ್ಷನ್ ಸೋರಿಕೆಯನ್ನು ನಿಲ್ಲಿಸುತ್ತದೆ, ಕೆಳಗಿನ ಕಸದ ಕಥೆಯನ್ನು ಮುಟ್ಟುವುದಿಲ್ಲ. ಮೊದಲ ಪರೀಕ್ಷೆಗಳಲ್ಲಿ ಭಾಗವಹಿಸಿದ್ದವರನ್ನು ಏಳು ವರ್ಷಗಳ ನಂತರ ಹುಡುಕಿ ನೋಡಿದಾಗ ಸುಮಾರು ಮೂರನೇ ಒಂದು ಭಾಗದವರ ದೃಷ್ಟಿ ಮೊದಲಿಗಿಂತ ಬಹಳ ಕೆಳಗಿಳಿದಿತ್ತು. ಒದ್ದೆ ನಿಂತ ಜಾಗದಲ್ಲಿ ಒಣ ತೇಪೆಗಳು ಬೆಳೆದಿದ್ದವು.

ಒಣ ಬಗೆಗೆ ಏನಿದೆ? ಇಲ್ಲಿ ಅಂಗಡಿಗಳಲ್ಲಿ ಮಾರುವ ಕಣ್ಣಿನ ವಿಟಮಿನ್ ಮಾತ್ರೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. 2001ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ ವಿಟಮಿನ್ ಸಿ, ಇ, ಬೀಟಾ ಕ್ಯಾರೊಟಿನ್, ಸತು ಮತ್ತು ತಾಮ್ರ ಕೊಟ್ಟಾಗ, ನಡುಹಂತ (ದೊಡ್ಡ ಡ್ರೂಸೆನ್ ಕೂಡಿದ ಹಂತ) ಮುಟ್ಟಿದವರಲ್ಲಿ ರೋಗ ಕೊನೆಯ ಹಂತಕ್ಕೆ ಹೋಗುವ ಸಂಭವ ಕಾಲುಭಾಗ ಇಳಿಯಿತು. ಬೀಟಾ ಕ್ಯಾರೊಟಿನ್ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿಸುತ್ತದೆಂದು ತಿಳಿದ ಮೇಲೆ, 2013ರ ಎರಡನೇ ಪರೀಕ್ಷೆಯ ನಂತರ ಅದರ ಬದಲು ಲ್ಯೂಟಿನ್ ಮತ್ತು ಜಿಯಾಕ್ಸಾಂಥಿನ್ ಬಂದವು. ಆದರೆ ಈ ಲಾಭ ನಡುಹಂತದವರಿಗೆ ಮತ್ತು ಒಂದು ಕಣ್ಣಿನಲ್ಲಷ್ಟೇ ಕೊನೆಯ ಹಂತ ಮುಟ್ಟಿದವರಿಗೆ ಮಾತ್ರ. ರೋಗವೇ ಇಲ್ಲದವರಿಗೆ, ಒಂದೆರಡು ಸಣ್ಣ ಚುಕ್ಕೆ ಇರುವವರಿಗೆ ಇವು ರೋಗವನ್ನು ತಡೆದುದಕ್ಕೆ ಆಧಾರ ಸಿಕ್ಕಿಲ್ಲ. ಪಿಂಚಣಿಯ ಹಣದಲ್ಲಿ ತಿಂಗಳು ತಿಂಗಳು ಇವನ್ನು ಸುಮ್ಮನೆ ನುಂಗುತ್ತಿರುವ ಹಿರಿಯರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಹಂತ ಯಾವುದೆಂದು ವೈದ್ಯರನ್ನು ಕೇಳಿ, ಆಮೇಲೆ ಕೊಳ್ಳಿ.

ಕಾಂಪ್ಲಿಮೆಂಟ್ ಪತ್ತೆಯಾದ ಮೇಲೆ ಅದನ್ನು ತಡೆಯುವ ಔಷಧಿ ಬಂದರೆ ಮುಗಿಯಿತು ಎಂದು ನಾನೂ ನಂಬಿದ್ದೆ. ಲಾಂಪಲಿಜುಮಾಬ್ ಎಂಬ ಔಷಧಿಯ ದೊಡ್ಡ ಪರೀಕ್ಷೆಗಳು 2017ರಲ್ಲಿ ಸೋತವು. 2023ರಲ್ಲಿ ಅಮೆರಿಕ ಪೆಗ್‌ಸೆಟಕೋಪ್ಲಾನ್ ಮತ್ತು ಅವಸಿನ್‌ಕ್ಯಾಪ್ಟಾಡ್ ಎಂಬ ಎರಡು ಇಂಜೆಕ್ಷನ್‌ಗಳಿಗೆ ಒಪ್ಪಿಗೆ ಕೊಟ್ಟಿತು. ತೇಪೆ ಹರಡುವ ವೇಗವನ್ನು ಅವು ಸುಮಾರು ಐದನೇ ಒಂದು ಭಾಗ ತಗ್ಗಿಸುತ್ತವೆ. ರೋಗಿಗೆ ಕಣ್ಣು ಹೆಚ್ಚು ಚೆನ್ನಾಗಿ ಕಾಣುತ್ತದೆ ಎಂಬುದು ಮಾತ್ರ ಸಾಬೀತಾಗಲಿಲ್ಲ, ಅದೇ ಕಾರಣಕ್ಕೆ ಯುರೋಪಿನ ಔಷಧಿ ಸಂಸ್ಥೆ ಮೊದಲನೆಯದಕ್ಕೆ 2024ರಲ್ಲಿ ಒಪ್ಪಿಗೆ ನಿರಾಕರಿಸಿತು. ನನ್ನ ತಿಳಿವಳಿಕೆಯಲ್ಲಿ ಇದು ಸಮಯದ ಪ್ರಶ್ನೆ. ಗಸ್ತಿನವರ ದಾಳಿ ಶುರುವಾಗುವುದು ಐವತ್ತರ ಹರೆಯದಲ್ಲಿ, ನಾವು ತಡೆಯಲು ಹೋಗುವುದು ಎಂಬತ್ತರಲ್ಲಿ. ಅಷ್ಟರಲ್ಲಿ ಸಾಯಬೇಕಾದ ಕೋಶಗಳು ಸತ್ತಿರುತ್ತವೆ. ಯಾರ ಕಣ್ಣಿಗೆ, ಯಾವ ವರ್ಷ ಕೈಹಾಕಬೇಕೆಂದು ತಿಳಿಯುವುದೇ ಈಗಿನ ಸಂಶೋಧನೆಯ ಮುಖ್ಯ ಕೆಲಸವಾಗಬೇಕು. ಕತ್ತಲೆಯ ಪರೀಕ್ಷೆ, ಅಂಕಗಳ ಲೆಕ್ಕ, ವಂಶವಾಹಿ ಇವೆಲ್ಲ ಒಟ್ಟಿಗೆ ಬೇಕಾಗುವುದು ಅಲ್ಲಿಯೇ.

ಸತ್ತ ಪದರವನ್ನೇ ಬದಲಾಯಿಸುವ ಪ್ರಯತ್ನಗಳೂ ನಡೆದಿವೆ. 2014ರಲ್ಲಿ ಜಪಾನಿನ ಕೋಬೆಯಲ್ಲಿ ಮಸಾಯೊ ತಕಾಹಾಶಿ ಅವರ ತಂಡ, ಎಪ್ಪತ್ತು ದಾಟಿದ ಮಹಿಳೆಯೊಬ್ಬರ ಚರ್ಮದ ಕೋಶಗಳಿಂದಲೇ ವರ್ಣಪದರದ ಪುಟ್ಟ ಹಾಳೆ ಬೆಳೆಸಿ ಅವರ ಕಣ್ಣಿಗೆ ಕಸಿ ಮಾಡಿತು. ಅಂತಹ ಕಸಿ ಲೋಕದಲ್ಲೇ ಮೊದಲನೆಯದು. ಅದು ಮನೆಬಾಗಿಲಿಗೆ ಬರಲು ಇನ್ನೂ ಕಾಲ ಬೇಕು.

ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯವಿದೆ. ನಡುನೋಟ ಹೋದ ಕೆಲವರಿಗೆ ಇಲ್ಲದ ಚಿತ್ರಗಳು ಕಾಣುತ್ತವೆ. ನನ್ನ ತಾಯಿಗೆ ಸಂಜೆ ಹೊತ್ತು ಗೋಡೆಯ ಮೇಲೆ ಹೂಬಳ್ಳಿ, ಒಮ್ಮೊಮ್ಮೆ ಸಾಲಾಗಿ ನಿಂತ ಚಿಕ್ಕ ಮಕ್ಕಳು ಕಾಣುತ್ತಿದ್ದರು. ತಿಂಗಳುಗಟ್ಟಲೆ ಹೇಳದೆ ಮುಚ್ಚಿಟ್ಟಿದ್ದರು, ಬುದ್ಧಿಭ್ರಮಣೆ ಎಂದಾರೆಂದು ಹೆದರಿ. 1760ರಲ್ಲೇ ಶಾರ್ಲ್ ಬೊನೆ ಎಂಬ ಸ್ವಿಸ್ ಪಂಡಿತರು ತಮ್ಮ ಅಜ್ಜನಿಗೆ ಹೀಗಾಗುತ್ತಿದ್ದುದನ್ನು ಬರೆದಿಟ್ಟಿದ್ದಾರೆ, ಅವರ ಹೆಸರಿನಿಂದಲೇ ಇದನ್ನು ಕರೆಯುತ್ತಾರೆ. ಕಣ್ಣಿನಿಂದ ಸುದ್ದಿ ಬಾರದಾಗ ಮಿದುಳು ತಾನೇ ಚಿತ್ರ ಬರೆಯುತ್ತದೆ. ಇದು ಹುಚ್ಚಲ್ಲ, ದೆವ್ವವೂ ಅಲ್ಲ. ನಿಮ್ಮ ಮನೆಯ ಹಿರಿಯರನ್ನು ಮೆಲ್ಲಗೆ ಕೇಳಿ ನೋಡಿ.

ಮಾತು ಮುಗಿದ ಮೇಲೆ ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಎದ್ದು ನಿಂತು, "ನನಗೂ ಇದೇ ರೋಗವಿದೆ. ನನ್ನ ಕಣ್ಣನ್ನು ದಾನ ಮಾಡಬಹುದೇ ಅಮ್ಮ, ಅಥವಾ ಅದು ಉಪಯೋಗಕ್ಕೆ ಬಾರದೇ?" ಎಂದು ಕೇಳಿದರು. ಅವರಿಗೆ ಕೊಟ್ಟ ಉತ್ತರ ಇದು.

ಖಂಡಿತ ಮಾಡಬಹುದು. ಕಸಿಗೆ ಬೇಕಾಗುವುದು ಕಣ್ಣಿನ ಮುಂಬದಿಯ ಕಾರ್ನಿಯಾ, ಈ ರೋಗ ಹಿಂಬದಿಯದು. 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ಕಣ್ಣು ಕೊಟ್ಟದ್ದು ನಿಮಗೆಲ್ಲ ನೆನಪಿದೆ. ಪುನೀತ್ ಅವರ ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ವರಿಗೆ ಹಾಕಿದರು. ಹಿಂಬದಿಯ ಅಕ್ಷಿಪಟಲ ಯಾರಿಗೂ ಕಸಿಯಾಗುವುದಿಲ್ಲ. ಆದರೆ ಇಂದು ನಾನು ಹೇಳಿದ ಡ್ರೂಸೆನ್, ಕೊಬ್ಬು, ಮೊದಲು ಸಾಯುವ ದಂಡಕೋಶ, ಇವೆಲ್ಲ ಗೊತ್ತಾದದ್ದು ಯಾರೋ ಕೊಟ್ಟ ಅಂತಹ ಅಕ್ಷಿಪಟಲಗಳಿಂದ. ಸಂಶೋಧನೆಗೂ ಬಳಸಬಹುದೇ ಎಂದು ಕಣ್ಣಿನ ಬ್ಯಾಂಕಿನವರನ್ನು ನೀವೇ ಮೊದಲು ಕೇಳಿ, ಒಪ್ಪಿಗೆಯನ್ನು ಬರೆದುಕೊಡಿ.

ನನ್ನ ತಾಯಿ ಕಳೆದದ್ದು 2024ರಲ್ಲಿ. ಅವರ ಇಚ್ಛೆಯಂತೆ ಕಣ್ಣು ಕೊಟ್ಟೆವು. ಎರಡು ಕಾರ್ನಿಯಾಗಳು ಇಬ್ಬರಿಗೆ ಹೋದವೆಂದು ಪತ್ರ ಬಂತು. ಅಕ್ಷಿಪಟಲದ ಬಗ್ಗೆ ಅಂದು ಯಾರೂ ಕೇಳಲಿಲ್ಲ, ಇಷ್ಟೆಲ್ಲ ಓದಿದ ನನಗೂ ಆ ರಾತ್ರಿ ಅದು ಹೊಳೆಯಲಿಲ್ಲ. ಹದಿಮೂರು ವರ್ಷಗಳ ಸ್ಕ್ಯಾನ್ ಚಿತ್ರಗಳ ಕಡತ ನನ್ನ ಬಳಿ ಉಳಿದಿದೆ. ತಂದಿದ್ದೇನೆ, ಅಲ್ಲಿ ಮೇಜಿನ ಮೇಲಿದೆ. ಬಂದು ನೋಡಿ. ಮೊದಲ ಪುಟದಲ್ಲಿ ಎಡಗಣ್ಣಿನ ಹಳದಿ ಚುಕ್ಕೆಗಳನ್ನು ಪೆನ್ಸಿಲಿನಿಂದ ಗುರುತು ಮಾಡಿದ್ದೇನೆ.